ಡೊಮೇನ್ ಕೊಳ್ತೇನೆ ಅಂತ ಬಂದವನು ‘ಸರ್ಟಿಫಿಕೇಟ್ ಇದೆಯಾ’ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ

ಗೋಕರ್ಣ, ಮುರ್ಡೇಶ್ವರ, ದಾಂಡೇಲಿ, ಶಿರಸಿ ಹೆಸರಿಗೆ ಸ್ಟೇ, ಬೀಚ್, ಅಡಿಕೆ, ಜೇನು ಅಂತ ಏನೋ ಒಂದು ಜೋಡಿಸಿ ಡಾಟ್ ಕಾಂ ಡೊಮೇನ್ (ಜಾಲತಾಣದ ವಿಳಾಸದ ಹೆಸರು) ಹಿಡಿದಿಟ್ಟು, ಮಾರಲು ಕಾಯ್ತಾ ಕೂತವರು ನಮ್ಮ ಜಿಲ್ಲೆಯಲ್ಲಿ ಕಮ್ಮಿಯೇನಿಲ್ಲ. 2019ರಲ್ಲಿ ಶಿರಸಿ ಸುಪಾರಿಗೆ, 2023ರಲ್ಲಿ ಅಂಕೋಲಾದ ಕರಿ ಇಶಾಡ ಮಾವಿಗೆ ಜಿಐ ಟ್ಯಾಗ್ ಬಂದ ಮೇಲೆ ಆ ಹೆಸರುಗಳ ಸುತ್ತ ಕೈ ಹಾಕಿದವರೂ ಇದ್ದಾರೆ. ಎಲ್ಲರೂ ಇದನ್ನು ಓದಿ. ಹೇಳೋಕೆ ನಾಚಿಕೆಯಾಗ್ತದೆ, ಸಿಟ್ಟು ಅದಕ್ಕಿಂತ ಜಾಸ್ತಿ ಇದೆ. ಡೊಮೇನ್ ಕೊಳ್ತೇನೆ ಅಂತ ಬಂದು ನಮ್ಮ ದುಡ್ಡು ತಿಂದ ಮನುಷ್ಯ ಈಗ ಬೇರೆ ಹೆಸರಿಟ್ಟುಕೊಂಡು ಕುಮಟಾದ ಇನ್ನೊಬ್ಬರಿಗೆ ಮೇಲ್ ಹಾಕಿದ್ದಾನೆ. ಒಂದಕ್ಷರ ಬದಲಾಯಿಸುವ ಕಷ್ಟವನ್ನೂ ತಗೊಂಡಿಲ್ಲ.

ಮಾರಾಟಕ್ಕಿದ್ದದ್ದು ಗೋಕರ್ಣದ ಹೆಸರಿರುವ ಎರಡು ಪದದ ಡಾಟ್ ಕಾಂ. ಬಂದ ಮೇಲ್ ಹೀಗಿತ್ತು: ‘ಈ ಹೆಸರು ಇನ್ನೂ ಲಭ್ಯವಿದೆಯಾ? ನಮ್ಮ ಹೂಡಿಕೆದಾರರ ಬಜೆಟ್ 9,500 ಡಾಲರ್.’ ಬೆಲೆ ನಾವು ಹೇಳಿರಲೇ ಇಲ್ಲ. ಗಮನಿಸಿ, ಮಾರುವವನು ಬಾಯಿ ಬಿಡೋ ಮೊದಲೇ ತನ್ನ ಬಜೆಟ್ ಹೇಳಿಬಿಡುವ ಖರೀದಿದಾರ ಈ ವ್ಯಾಪಾರದಲ್ಲಿ ಅಪರೂಪ. ನಿಜಕ್ಕೂ ಬೇಕಾದವನು ‘ಎಷ್ಟು?’ ಅಂತಾನೆ, ನೀವು ಹೇಳಿದ್ದರ ಕಾಲು ಭಾಗಕ್ಕೆ ಕೇಳ್ತಾನೆ, ವಾರಗಟ್ಟಲೆ ಸುಮ್ಮನಿರ್ತಾನೆ, ಮತ್ತೆ ಬಂದು ಇನ್ನೂ ಕಮ್ಮಿಗೆ ಕೇಳ್ತಾನೆ. ಇವನದ್ದು ಚೌಕಾಸಿಯೇ ಇಲ್ಲ. ಒಪ್ಪಿಗೆ, ಒಪ್ಪಿಗೆ, ಎಲ್ಲದಕ್ಕೂ ಒಪ್ಪಿಗೆ.

ಎಸ್ಕ್ರೋ (ಹೆಸರು ಕೈಸೇರುವವರೆಗೆ ಹಣ ಹಿಡಿದಿಡುವ ಮಧ್ಯಸ್ಥ ಸೇವೆ) ಮೂಲಕ ಮಾಡೋಣ ಅಂದಾಗಲೂ ‘ಖಂಡಿತ, ಶುಲ್ಕ ನಾವೇ ಕೊಡ್ತೇವೆ’ ಅಂದ. ಆಮೇಲೆ ಬಂತು ನೋಡಿ ಅಸಲು ವಿಷಯ: ‘ಒಂದೇ ಒಂದು ಔಪಚಾರಿಕತೆ ಬಾಕಿ. ಹೂಡಿಕೆದಾರರಿಗೆ ತೋರಿಸಲು ಅಪ್ರೈಸಲ್ ಸರ್ಟಿಫಿಕೇಟ್, ಅಂದರೆ ಹೆಸರಿನ ಬೆಲೆ ಇಷ್ಟು ಅನ್ನುವ ಪತ್ರ, ಬೇಕು. ಕಂಪ್ಯೂಟರ್ ತಾನಾಗಿ ಕೊಡುವ ಅಂದಾಜು ಆಗಲ್ಲ, ತಜ್ಞರು ನೋಡಿ ಬರೆದದ್ದೇ ಆಗಬೇಕು.’ ಪುಕ್ಕಟೆ ಅಂದಾಜು ಕೊಡುವ ಸಾಧನಗಳನ್ನು ಮೊದಲೇ ಬೇಡ ಅಂದುಬಿಟ್ಟ, ನೋಡಿ. ಅಲ್ಲೇ ಇರೋದು ಬುದ್ಧಿವಂತಿಕೆ.

ಎಲ್ಲಿ ಮಾಡಿಸಬೇಕು ಅಂತ ಕೇಳಿದರೆ ಅವನು ಯಾವ ಕಂಪನಿಯ ಹೆಸರನ್ನೂ ಹೇಳಲಿಲ್ಲ. ಹೇಳಿದ್ದರೆ ಯಾರಿಗಾದರೂ ಅನುಮಾನ ಬರ್ತಿತ್ತು. ಬದಲಿಗೆ ಒಂದು ಪ್ರಶ್ನೋತ್ತರದ ಪುಟದ ಲಿಂಕ್ ಕಳಿಸಿದ: ‘ನನಗೂ ಗೊತ್ತಿರಲಿಲ್ಲ, ಇಲ್ಲಿ ಓದಿ ತಿಳಿದುಕೊಂಡೆ.’ ಆ ಪುಟದಲ್ಲಿ ಒಬ್ಬ ಇದೇ ಪ್ರಶ್ನೆ ಕೇಳಿದ್ದಾನೆ, ಇನ್ನೊಬ್ಬ ಮೂರು ಕಡೆ ಹೇಳಿದ್ದಾನೆ. ಒಂದು ವಿಪರೀತ ದುಬಾರಿ. ಇನ್ನೊಂದಕ್ಕೆ ತಿಂಗಳು ಕಾಯಬೇಕು. ಮೂರನೆಯದು 149 ಡಾಲರ್, ಎರಡೇ ದಿನ. ಕೇಳಿದವನೂ ಅವನೇ, ಉತ್ತರ ಕೊಟ್ಟವನೂ ಅವನೇ, ಮೂರನೆಯ ಅಂಗಡಿಯೂ ಅವನದ್ದೇ. ಆಯ್ಕೆ ನಮ್ಮದೇ ಅನ್ನಿಸುವ ಹಾಗೆ ಕಟ್ಟಿದ ಬಲೆ ಮಾರಾಯ್ರೆ ಇದು.

ದುಡ್ಡು ಕೊಡುವ ಮೊದಲು ‘ಈ ಖರ್ಚು ಯಾರದ್ದು?’ ಅಂತ ಕೇಳಿದ್ದೂ ಆಯಿತು. ಉತ್ತರ: ‘ಸರ್, ಚಿಂತೆ ಬೇಡ, ಅದನ್ನು ಒಟ್ಟು ಬೆಲೆಗೆ ಸೇರಿಸಿ ಕೊಡ್ತೇವೆ. ಹಿಂದೆ ಮಾರುವವರಿಂದ ಮೋಸ ಹೋಗಿದ್ದೇವೆ, ಹಾಗಾಗಿ ಈ ನಿಯಮ.’ ಮೋಸ ಹೋದವನು ಅವನಂತೆ! ಕಾರ್ಡಿನಲ್ಲಿ 149 ಡಾಲರ್, ಬ್ಯಾಂಕಿನ ವಿನಿಮಯ ಮಾರ್ಕಪ್, ಆ ಮಾರ್ಕಪ್ ಮೇಲೆ ಜಿಎಸ್‌ಟಿ, ಎಲ್ಲ ಸೇರಿ ಹದಿಮೂರು ಸಾವಿರ ದಾಟಿತು.

ಪಿಡಿಎಫ್ ಬಂತು. ಚಿನ್ನದ ಬಣ್ಣದ ಅಂಚು, ಸೀಲು, ಸಹಿ, ಬೆಲೆ 14,200 ಡಾಲರ್. ಕಳಿಸಿದ ಕೂಡಲೇ ಉತ್ತರ: ‘ಅದ್ಭುತ! ಹೂಡಿಕೆದಾರರು 12,000ಕ್ಕೆ ಏರಿಸಲು ಒಪ್ಪಿದ್ದಾರೆ.’ ಅದರ ಕೆಳಗೇ ಇನ್ನೊಂದು ಸಾಲು: ‘ಇನ್ನು ಟ್ರೇಡ್‌ಮಾರ್ಕ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಹೆಸರು ಬೇರೆ ಯಾರ ಟ್ರೇಡ್‌ಮಾರ್ಕೂ ಅಲ್ಲ ಅನ್ನುವ ಪತ್ರ, ಒಂದಿದ್ದರೆ ಇವತ್ತೇ ಮುಗಿಸಬಹುದು. ಅದೇ ಸಂಸ್ಥೆಯವರು 95 ಡಾಲರ್‌ಗೆ ಮಾಡಿಕೊಡ್ತಾರೆ.’

ಅದೇ ಸಂಸ್ಥೆಯವರು! ಆ ಎರಡು ಪದ ಓದಿದಾಗ ಮೈ ಉರಿದುಹೋಯಿತು. ಆ ಸಂಸ್ಥೆ ಏನೇನು ಮಾಡಿಕೊಡ್ತದೆ, ಎಷ್ಟಕ್ಕೆ ಅಂತ ಇವನಿಗೆ ಹೇಗೆ ಗೊತ್ತು? ಪ್ರಶ್ನೋತ್ತರ ಓದಿ ತಿಳಿದುಕೊಂಡವನಲ್ಲವಾ ಇವನು? ಪಿಡಿಎಫ್ ಮತ್ತೆ ತೆರೆದು ಸಾಲುಸಾಲಾಗಿ ನೋಡಿದರೆ ಇನ್ನೊಂದು ಸಿಕ್ಕಿತು. ಅವನ ಮೊದಲ ಮೇಲ್‌ನಲ್ಲಿ ಗೋಕರ್ಣದ ಸ್ಪೆಲಿಂಗ್‌ನಲ್ಲಿ ಕೆ ಆದಮೇಲೆ ಒಂದು ಎಚ್ ಜಾಸ್ತಿ ಇತ್ತು. ‘ತಜ್ಞರ’ ವಿವರಣೆಯಲ್ಲೂ ಅದೇ ಎಚ್, ಅದೇ ಜಾಗದಲ್ಲಿ. ಡೊಮೇನ್‌ನಲ್ಲಿ ಅದು ಇಲ್ಲ, ಸರ್ಟಿಫಿಕೇಟಿಗಾಗಿ ನಾವು ಫಾರ್ಮಿನಲ್ಲಿ ತುಂಬಿದ್ದರಲ್ಲೂ ಇಲ್ಲ. ಆಮೇಲೆ ಡೊಮೇನ್ ಹೆಸರುಗಳ ಜಾಗತಿಕ ಸಂಸ್ಥೆ ಐಕ್ಯಾನ್‌ನ ಲುಕಪ್ (ನೋಂದಣಿ ವಿವರ ಹುಡುಕುವ) ಪುಟದಲ್ಲಿ ಆ ಸಂಸ್ಥೆಯ ಜಾಲತಾಣ ಹಾಕಿ ನೋಡಿದರೆ, ‘ಹದಿನೈದು ವರ್ಷಗಳ ಅನುಭವ’ ಅಂತ ಬರೆದುಕೊಂಡಿದ್ದ ತಾಣ ನೋಂದಣಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಖರೀದಿದಾರನ ‘ಕಂಪನಿ’ಯ ತಾಣ ಅದೇ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ), ಅದೇ ವಾರದ ನೋಂದಣಿ.

ಎರಡನೆಯ ಸರ್ಟಿಫಿಕೇಟಿಗೆ ದುಡ್ಡು ಕೊಡಲ್ಲ ಅಂದಾಗ ಅವನ ಕೊನೆಯ ಉತ್ತರ: ‘ನಿಮಗೆ ವ್ಯಾಪಾರದ ಶಿಸ್ತು ಇಲ್ಲ, ನಮ್ಮ ಸಮಯ ಹಾಳು ಮಾಡಿದಿರಿ.’ ನಮ್ಮ ದುಡ್ಡು ತಿಂದು ನಮಗೇ ಬುದ್ಧಿವಾದ!

ನಮ್ಮ ಕಡೆಯ ಯಾರಿಗೇ ಆಗಲಿ ಹೀಗೆ ಹೇಳಿದರೆ ಅರ್ಥವಾಗ್ತದೆ. ಶಿರಸಿಯ ಟೆಂಡರಿನಲ್ಲಿ ವ್ಯಾಪಾರಿ ಅಡಿಕೆ ರಾಶಿ ಮುಂದೆ ನಿಂತು ತಾನೇ ನೋಡಿ, ತಾನೇ ದರ ಬರೀತಾನೆ. ‘ಹೋಗಿ ನನ್ನ ಭಾವನ ಅಂಗಡಿಯಲ್ಲಿ ಚೀಟಿ ಬರೆಸಿಕೊಂಡು ಬಾ, ಆಮೇಲೆ ದರ ಹೇಳ್ತೇನೆ’ ಅಂತ ಬೆಳೆಗಾರನಿಗೆ ಹೇಳಲ್ಲ. ಡೊಮೇನ್‌ನಲ್ಲೂ ಬೆಲೆ ಅಳೆಯೋ ಕೆಲಸ ಕೊಳ್ಳುವವನದ್ದು, ಖರ್ಚೂ ಅವನದ್ದೇ. ಹಿಂದೆ ಇಂಥ ಹೆಸರುಗಳು ಎಷ್ಟಕ್ಕೆ ಹೋಗಿವೆ ಅಂತ ಮಾರಾಟದ ದರ ದಾಖಲಿಸುವ ನೇಮ್‌ಬಯೋ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇನ್ನು ಟ್ರೇಡ್‌ಮಾರ್ಕ್ ಹುಡುಕಾಟ. ಭಾರತದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ತಾಣದಲ್ಲಿ ಅದು ಪುಕ್ಕಟೆ. ಮಾರಾಟಕ್ಕೆ ಮಾರುವವನು ‘ಕ್ಲಿಯರೆನ್ಸ್ ಸರ್ಟಿಫಿಕೇಟ್’ ತರಬೇಕು ಅನ್ನುವ ನಿಯಮ ಐಕ್ಯಾನ್‌ನದ್ದೂ ಅಲ್ಲ, ಡಾಟ್ ಇನ್ ನಡೆಸುವ ನಿಕ್ಸಿಯದ್ದೂ ಅಲ್ಲ.

ಸರಿಯಾದ ವ್ಯವಹಾರದಲ್ಲಿ ಆಗೋದು ಇಷ್ಟೇ. ಬೆಲೆ ಕುದುರಿದ ಮೇಲೆ ಎಸ್ಕ್ರೋದಲ್ಲಿ ವ್ಯವಹಾರ ತೆರೀತಾರೆ. ಕೊಳ್ಳುವವನು ಪೂರ್ತಿ ಹಣ ಅಲ್ಲಿ ಕಟ್ತಾನೆ. ಹಣ ಬಂದಿದೆ ಅಂತ ಎಸ್ಕ್ರೋದವರು ಹೇಳಿದ ಮೇಲೆಯೇ ನೀವು ಡೊಮೇನ್ ಲಾಕ್ ತೆಗೆದು ಆಥ್ ಕೋಡ್ (ಹೆಸರು ವರ್ಗಾಯಿಸಲು ಬೇಕಾದ ಗುಟ್ಟಿನ ಕೋಡ್) ಕೊಡೋದು. ಇಬ್ಬರದ್ದೂ ಒಂದೇ ರಿಜಿಸ್ಟ್ರಾರ್ ಆದರೆ ಪುಶ್ ಮಾಡಿದರೆ (ನಿಮ್ಮ ಖಾತೆಯಿಂದ ಅವನ ಖಾತೆಗೆ ದಾಟಿಸಿದರೆ) ಸಾಕು, ನಿಮಿಷಗಳ ಕೆಲಸ. ಬೇರೆ ಬೇರೆಯಾದರೆ ಐದು ದಿನದವರೆಗೆ ಹಿಡೀತದೆ. ಹೊಸದಾಗಿ ನೋಂದಾಯಿಸಿದ ಹೆಸರಿಗೆ ಸಾಮಾನ್ಯವಾಗಿ 60 ದಿನ ವರ್ಗಾವಣೆ ಲಾಕ್ ಇರ್ತದೆ, ಅದನ್ನು ಕೊಳ್ಳುವವನಿಗೆ ಮೊದಲೇ ಹೇಳಿಬಿಡಿ. ಹೆಸರು ಕೈಗೆ ಬಂದದ್ದನ್ನು ಅವನು ಒಪ್ಪಿಕೊಂಡ ಮೇಲೆ ನಿಮಗೆ ಹಣ ಬಿಡುಗಡೆ. ಇದರಲ್ಲಿ ಎಲ್ಲಿಯಾದರೂ ಮಾರುವವನು ಮೊದಲು ಮೂರನೆಯವರಿಗೆ ದುಡ್ಡು ಕೊಡುವ ಹಂತ ಇದೆಯಾ? ಇಲ್ಲ. ಎಸ್ಕ್ರೋ ಶುಲ್ಕ ನಿಮ್ಮ ಪಾಲಿಗೆ ಬಂದರೂ ಬಂದ ಹಣದಲ್ಲೇ ಮುರಿದುಕೊಳ್ತಾರೆ. ಇನ್ನೊಂದು: ಎಸ್ಕ್ರೋದ ಲಿಂಕ್ ಅವನು ಕಳಿಸಿದ್ದು ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ ಹೋಗಿ. ನಕಲಿ ಎಸ್ಕ್ರೋ ತಾಣದಲ್ಲಿ ‘ಹಣ ಜಮಾ ಆಗಿದೆ’ ಅಂತ ಹಸಿರು ಅಕ್ಷರದಲ್ಲಿ ತೋರಿಸಿ ಆಥ್ ಕೋಡ್ ಕಿತ್ತುಕೊಳ್ಳೋದು ಇದಕ್ಕಿಂತ ದೊಡ್ಡ ಹೊಡೆತ. ಅಲ್ಲಿ ಹೆಸರೇ ಹೋಗ್ತದೆ.

‘ನಿಮ್ಮ ಹೆಸರನ್ನು ಚೀನಾದಲ್ಲಿ ಯಾರೋ ನೋಂದಾಯಿಸ್ತಿದ್ದಾರೆ, ಕೂಡಲೇ ನೀವೇ ಹಿಡಿಯಿರಿ’ ಅನ್ನುವ ಮೇಲ್ ಕೂಡ ಇದೇ ಜಾತಿಯದ್ದು. ಉತ್ತರವೇ ಬೇಡ.

ಇಷ್ಟಕ್ಕೂ ಎರಡು ಪದದ ನಮ್ಮೂರ ಹೆಸರಿಗೆ ಎಂಟು ಲಕ್ಷ ರೂಪಾಯಿ ಯಾರು ಕೊಡ್ತಾರೆ? ಓಂ ಬೀಚ್ ಪಕ್ಕ ಹೋಮ್‌ಸ್ಟೇ ನಡೆಸುವವರಿಗೆ ವಾಟ್ಸಾಪ್ ಮತ್ತು ಗೂಗಲ್ ಮ್ಯಾಪ್ ಸಾಕಾಗಿದೆ. ಡಾಟ್ ಕಾಂ ನಡೆಸುವ ವೆರಿಸೈನ್ ಕಂಪನಿಯ ಸಗಟು ದರವೇ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್‌ಗೆ ಏರಿತು. ನಲವತ್ತು ಹೆಸರು ಹಿಡಿದಿಟ್ಟರೆ ವರ್ಷಕ್ಕೆ ಸುಮಾರು ಐವತ್ತು ಸಾವಿರ ನವೀಕರಣಕ್ಕೇ ಬೇಕು. ಹೀಗೆ ದುಡ್ಡು ಸುರಿದು, ಯಾರಾದರೂ ಕೇಳ್ತಾರಾ ಅಂತ ಕಾಯ್ತಿರೋರನ್ನೇ ಈ ಕಳ್ಳರು ಹುಡುಕೋದು. ಮಾರಾಟದ ಪಟ್ಟಿಗಳಲ್ಲಿ ವರ್ಷಗಟ್ಟಲೆ ಕೂತ ಹೆಸರುಗಳನ್ನು ಆರಿಸಿ ಮೇಲ್ ಹಾಕ್ತಾರೆ.

ಬ್ಯಾಂಕಿನಿಂದ ವಾಪಸ್ ಬರ್ತದಾ ಅಂತ ಕೇಳುವವರಿಗೆ: ಬರಲಿಲ್ಲ. ‘ಪಾವತಿ ನೀವೇ ಮಾಡಿದ್ದು, ಸೇವೆಯೂ ಸಿಕ್ಕಿದೆ’ ಅಂದರು. ಆ ಚಿನ್ನದ ಅಂಚಿನ ಪಿಡಿಎಫ್ ಕಳಿಸೋದೇ ಅದಕ್ಕೆ. ಏನೂ ಕಳಿಸದೆ ಓಡಿಹೋಗಿದ್ದರೆ ಸೇವೆ ಸಿಕ್ಕಿಲ್ಲ ಅಂತ ವಾದಿಸಬಹುದಿತ್ತು. ಕಾಗದ ಕಳಿಸಿದ್ದಾನೆ, ಬ್ಯಾಂಕಿನ ಲೆಕ್ಕದಲ್ಲಿ ವ್ಯಾಪಾರ ಮುಗೀತು. ನೀವು ಈಗಾಗಲೇ ಕೊಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ. ಬ್ಯಾಂಕಿಗೆ ಕೊಡುವ ಅರ್ಜಿಯಲ್ಲಿ ಬರೀ ‘ಸೇವೆ ಸರಿಯಿಲ್ಲ’ ಅಂತ ಬರೀಬೇಡಿ, ವಂಚನೆ ಅಂತಲೇ ಬರೆಯಿರಿ. ಖರೀದಿದಾರನ ಮೇಲ್‌ಗಳನ್ನು ಪೂರ್ತಿ ಹೆಡರ್ (ಮೇಲ್ ಎಲ್ಲಿಂದ ಬಂತು ಅನ್ನುವ ವಿವರ) ಸಮೇತ, ಎರಡೂ ತಾಣಗಳ ನೋಂದಣಿ ದಿನಾಂಕದ ಸ್ಕ್ರೀನ್‌ಶಾಟ್ ಸಮೇತ ಲಗತ್ತಿಸಿ. ತಾಣಗಳು ಬೇಗ ಮಾಯವಾಗ್ತವೆ, ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಅವು ಯಾವ ರಿಜಿಸ್ಟ್ರಾರ್‌ನಲ್ಲಿವೆಯೋ ಅವರ ದುರ್ಬಳಕೆ ವಿಭಾಗಕ್ಕೂ ಒಂದು ಮೇಲ್ ಹಾಕಿ, ಅದರ ವಿಳಾಸ ಲುಕಪ್ ಫಲಿತಾಂಶದಲ್ಲೇ ಇರ್ತದೆ.

ಇದೆಲ್ಲ ಆದಮೇಲೆ ‘ಕಳೆದುಕೊಂಡ ಹಣ ವಾಪಸ್ ಕೊಡಿಸ್ತೇವೆ, ಮೊದಲು 50 ಡಾಲರ್ ಫೈಲ್ ಶುಲ್ಕ’ ಅಂತ ಇನ್ನೊಂದು ಮೇಲ್ ಬಂದಿದೆ. ಅದರಲ್ಲೂ ಗೋಕರ್ಣದ ಸ್ಪೆಲಿಂಗ್‌ನಲ್ಲಿ ಆ ಎಚ್ ಇನ್ನೂ ಹಾಗೇ ಇದೆ.