ಲಾರಿಯ ಮೀಟರ್ ಬೋರ್ಡಿಗೆ ಯಾವ ಎಲ್‌ಇಡಿ? ಮೂರು ಬಗೆ ಹಾಕಿ ನೋಡಿದ ಮೇಲೆ

ರಾತ್ರಿ ಹೊತ್ತು ನನ್ನ ಲಾರಿಯ ಸ್ಪೀಡೋಮೀಟರಿನಲ್ಲಿ 40ರಿಂದ 60ರವರೆಗಿನ ಅಂಕಿಗಳು ಕಾಣುತ್ತಲೇ ಇರಲಿಲ್ಲ. ಬೋರ್ಡ್ ಬಿಚ್ಚಿದರೆ ಒಂದು ಬಲ್ಬ್ ಸುಟ್ಟಿತ್ತು, ಉಳಿದವುಗಳ ಗಾಜು ಒಳಗಿನಿಂದ ಕಪ್ಪಿಟ್ಟಿತ್ತು. ಹೇಗೂ ಬಿಚ್ಚಿದ್ದಾಗಿದೆ ಎಂದು ಮೂರು ಬಗೆಯ ಎಲ್‌ಇಡಿ ತಂದು, ಒಂದಾದ ಮೇಲೊಂದು ಹಾಕಿ ರಾತ್ರಿ ಓಡಿಸಿ ನೋಡಿದೆ. ಮೂರೂ 24 ವೋಲ್ಟಿನವು. 12 ವೋಲ್ಟಿನದನ್ನು ಈ ಲಾರಿಗೆ ಹಾಕಿದರೆ ಸುಟ್ಟುಹೋಗುತ್ತದೆ.

ಮೊದಲನೆಯದು ತುದಿಯಲ್ಲಿ ಒಂದೇ ಎಲ್‌ಇಡಿ ಇರುವಂಥದ್ದು. ಒಂದೇ ರಾತ್ರಿಗೆ ತೆಗೆದುಬಿಟ್ಟೆ. ಮೀಟರಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ನಡುವೆ ಕತ್ತಲೆ. ಹಳೆಯ ಫಿಲಮೆಂಟ್ ಬಲ್ಬ್ ಸುತ್ತಲೂ ಬೆಳಕು ಚೆಲ್ಲುತ್ತದೆ. ಆ ಬೆಳಕು ಬೋರ್ಡಿನ ಒಳಗೋಡೆಯ ಬಿಳಿ ಬಣ್ಣಕ್ಕೆ ಬಡಿದು ಹರಡಿಕೊಂಡು ಅಂಕಿಗಳನ್ನು ತಲುಪುತ್ತದೆ. ನೇರ ಮುಂದಕ್ಕಷ್ಟೇ ಬೆಳಕು ಬಿಡುವ ಎಲ್‌ಇಡಿಗೆ ಆ ಬಿಳಿ ಗೋಡೆಯಿಂದ ಪ್ರಯೋಜನವೇ ಇಲ್ಲ.

ಎರಡನೆಯದರಲ್ಲಿ ನಾಲ್ಕು ಬದಿಗೆ ನಾಲ್ಕು, ತಲೆಯ ಮೇಲೊಂದು, ಹೀಗೆ ಬೆಳಕು ಬಿಡುವ ಐದು ಪುಟ್ಟ ಚಿಪ್. ಬಣ್ಣ 6000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ತಣ್ಣನೆಯ, ಅಂದರೆ ನೀಲಿ ಛಾಯೆಯ ಬಿಳಿ. ಬೆಳಕು ಮೂಲೆಮೂಲೆಗೂ ಹರಡಿತು. ಹಗಲಲ್ಲಿ ನೋಡಿದವರೆಲ್ಲ ಮೆಚ್ಚಿದರು. ಆದರೆ ದೀಪವಿಲ್ಲದ ರಸ್ತೆಗೆ ಇಳಿದಾಗ ಅದರ ದೋಷ ಗೊತ್ತಾಯಿತು: ಮುಂದಿನ ಗಾಜಿನ ಮೇಲೆ ಮೀಟರಿನ ಪ್ರತಿಬಿಂಬ, ಅದರ ಹಿಂದೆ ಮಸುಕಾದ ರಸ್ತೆ. ಒಮ್ಮೆ ಮೀಟರ್ ನೋಡಿ ತಲೆ ಎತ್ತಿದರೆ ಕತ್ತಲೆಗೆ ಕಣ್ಣು ಮತ್ತೆ ಹೊಂದಿಕೊಳ್ಳುವಷ್ಟರಲ್ಲಿ ಲಾರಿ ಎಷ್ಟೋ ದೂರ ಹೋಗಿರುತ್ತದೆ. ಇದನ್ನು ನಾನು ಯಾರಿಗೂ ಹಾಕಿಕೊಳ್ಳಿ ಎನ್ನಲಾರೆ.

ಮೀಟರಿನ ಬೆಳಕು ತಗ್ಗಿಸುವ ಗುಂಡಿ, ಅಂದರೆ ಡಿಮ್ಮರ್, ತಿರುಗಿಸಿದರೂ ಬೆಳಕು ತಗ್ಗಲಿಲ್ಲ. ನನ್ನ ಲಾರಿಯಲ್ಲಿರುವುದು ಹಳೆಯ ಕಾಲದ ತಂತಿಸುರುಳಿಯ ಡಿಮ್ಮರ್. ಹಳೆಯ 3 ವ್ಯಾಟಿನ ಎಂಟು ಬಲ್ಬ್ ಸೇರಿದರೆ 24 ವ್ಯಾಟ್, ಅಂದರೆ 24 ವೋಲ್ಟಿನಲ್ಲಿ 1 ಆಂಪಿಯರ್ ಕರೆಂಟ್. ಅಷ್ಟು ಹರಿದರೆ ಮಾತ್ರ ಆ ಸುರುಳಿ ಸಾಕಷ್ಟು ವೋಲ್ಟೇಜನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ. ಎಲ್‌ಇಡಿಗಳು ಎಳೆಯುವುದು ಅದರಲ್ಲಿ ಚಿಕ್ಕ ಪಾಲು. ಹಾಗಾಗಿ ಗುಂಡಿ ತಿರುಗುತ್ತದೆ, ಬೆಳಕು ಹಾಗೇ ಉಳಿಯುತ್ತದೆ.

ಮೂರನೆಯದು ಆಕಾರದಲ್ಲಿ ಎರಡನೆಯದರಂತೆಯೇ, ಬಣ್ಣ ಮಾತ್ರ 3000 ಕೆಲ್ವಿನ್‌ನ ಹಳದಿ ಮಿಶ್ರಿತ ಬಿಳಿ. ನನ್ನ ಆಯ್ಕೆ ಇದೇ. ಅಂಕಿಗಳು ಸ್ಪಷ್ಟ, ಕಣ್ಣಿಗೆ ಹಿತ, ಗಾಜಿನ ಮೇಲಿನ ಪ್ರತಿಬಿಂಬವೂ ಮೃದು. ಡಿಮ್ಮರಿನ ತೊಂದರೆಗೆ ಎಂಟರಲ್ಲಿ ಎರಡು ಜಾಗದಲ್ಲಿ ಹೊಸ ಫಿಲಮೆಂಟ್ ಬಲ್ಬನ್ನೇ ಉಳಿಸಿದೆ. ಅವು ಎಳೆಯುವ ಕರೆಂಟಿನಿಂದ ಡಿಮ್ಮರಿಗೆ ಮತ್ತೆ ಕೆಲಸ ಸಿಕ್ಕಿತು. ಮೊದಲಿನಷ್ಟು ನಯವಾಗಿ ಅಲ್ಲದಿದ್ದರೂ ಬೆಳಕು ತಗ್ಗುತ್ತದೆ.

ಎಚ್ಚರಿಕೆ ದೀಪಗಳ ಲೆಕ್ಕ ಬೇರೆ. ಕೆಂಪು ಗಾಜಿನ ಹಿಂದೆ ತಣ್ಣನೆಯ ಬಿಳಿ ಹಾಕಿದರೆ ಎಂಜಿನ್ ಆಯಿಲಿನ ಎಚ್ಚರಿಕೆ ದೀಪ ಗುಲಾಬಿಯಾಗಿ ಕಾಣುತ್ತದೆ. ಅಲ್ಲಿ ಮೂರನೆಯದೇ ವಾಸಿ. ಹೈಬೀಮಿನ ನೀಲಿ ದೀಪಕ್ಕೆ ಮಾತ್ರ ಎರಡನೆಯ ಬಗೆ ಸರಿಹೋಯಿತು.

ಚಾರ್ಜಿಂಗ್ ದೀಪಕ್ಕೆ ಮಾತ್ರ ದಯವಿಟ್ಟು ಎಲ್‌ಇಡಿ ಹಾಕಬೇಡಿ. ನಾನು ಹಾಕಿ ಪಾಠ ಕಲಿತೆ. ನನ್ನ ಲಾರಿಯಂಥ ಹಳೆಯ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಎಬ್ಬಿಸುವ ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಎಲ್‌ಇಡಿ ಬಿಡುವ ಅಲ್ಪ ಕರೆಂಟ್ ಅದಕ್ಕೆ ಸಾಲದು. ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಬೆಳಿಗ್ಗೆ ಸ್ಟಾರ್ಟರ್ ತಿರುಗಲಿಲ್ಲ. ಹಳೆಯ ಬಲ್ಬ್ ಮರಳಿ ಹಾಕಿದ ಮೇಲೆ ಬ್ಯಾಟರಿಗೆ ವೋಲ್ಟ್ ಮೀಟರಿಟ್ಟು ನೋಡಿದರೆ 28 ವೋಲ್ಟ್, ಅಂದರೆ ಮತ್ತೆ ಚಾರ್ಜ್ ಆಗುತ್ತಿತ್ತು.

ಇನ್ನು ಜೋಡಿಸುವಾಗಿನ ಒಂದು ಮಾತು. ನಾನು ತಂದ ಎಲ್‌ಇಡಿಗಳಿಗೆ ಪ್ಲಸ್, ಮೈನಸ್ ಇದೆ. ಉರಿಯದಿದ್ದರೆ ಕೆಟ್ಟಿದೆ ಎಂದು ಎಸೆಯದೆ ಕಿತ್ತು ತಿರುಗಿಸಿ ಹಾಕಬೇಕು. ಕೆಲವದರ ತಂತಿಕಾಲು ತೆಳು, ಹೋಲ್ಡರಿನಲ್ಲಿ ಸಡಿಲ. ಕಾಲನ್ನು ಚೂರು ಹೊರಕ್ಕೆ ಬಾಗಿಸಿದರೆ ಬಿಗಿಯಾಗಿ ಕೂರುತ್ತದೆ. ಎಲ್ಲ ದೀಪ ಉರಿಸಿ, ಬೋರ್ಡನ್ನು ಕೈಯಿಂದ ಮೆಲ್ಲಗೆ ತಟ್ಟಿ, ಒಂದೂ ಮಿಣುಕದಿದ್ದರೆ ಮಾತ್ರ ಸ್ಕ್ರೂ ಬಿಗಿಯಿರಿ.