ಒಂದೇ ಬಜೆಟ್, ಎರಡು ಚಾನೆಲ್, ಒಂದು ಪೇಪರ್

2025ರ ಮಾರ್ಚ್ 7, ಶುಕ್ರವಾರ. ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ ಮಂಡಿಸಿದ ದಿನ. ಅಪ್ಪ ಊರಿಂದ ಬಂದಿದ್ದರು. ನಾನು ಚಿಕ್ಕವನಿದ್ದಾಗ ಅಪ್ಪ "ಪೇಪರಲ್ಲೇ ಬಂದಿದೆಯಲ್ಲಪ್ಪ" ಅಂದರೆ ಅಲ್ಲಿಗೆ ವಾದ ಮುಗಿಯುತ್ತಿತ್ತು. ಈಗ ನಾನು ಏನು ಸುದ್ದಿ ಹೇಳಿದರೂ ಅವರು ಮೊದಲು ಕೇಳೋದು, "ಯಾವ ಚಾನೆಲ್ಲು? ಅದು ಯಾರ ಕಡೆದು?" ಕೇಳಿದಾಗೆಲ್ಲ ಸಂಕಟವಾಗುತ್ತದೆ. ಅವತ್ತು ಇಬ್ಬರೂ ಕೂತು ಒಂದೇ ಬಜೆಟ್ಟನ್ನು ಬೇರೆ ಬೇರೆ ಕಡೆ ನೋಡಿದೆವು.

ಮೊದಲ ಚಾನೆಲ್‌ನಲ್ಲಿ ಕೆಂಪು ಪಟ್ಟಿಯ ಮೇಲೆ ದಪ್ಪ ಅಕ್ಷರ: ಹಲಾಲ್ ಬಜೆಟ್. ಅದು ಬಿಜೆಪಿಯವರು ಆಡಿದ ಮಾತು. ಆದರೆ ಯಾರು ಹೇಳಿದ್ದು ಅಂತ ಪರದೆಯ ಮೇಲೆ ಎಲ್ಲೂ ಇರಲಿಲ್ಲ, ಚಾನೆಲ್ಲೇ ತೀರ್ಪು ಕೊಟ್ಟ ಹಾಗಿತ್ತು. ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಮೀಸಲಾತಿ ಅನ್ನೋ ಒಂದೇ ವಿಷಯದ ಮೇಲೆ ಗಂಟೆಗಟ್ಟಲೆ ಕೂಗಾಟ ನಡೆಯಿತು.

ಎರಡನೆಯದರಲ್ಲಿ ಎಲ್ಲ ಸುಖವೇ ಸುಖ. ಒಟ್ಟು 4.09 ಲಕ್ಷ ಕೋಟಿ ರೂಪಾಯಿ ಬಜೆಟ್, ಗ್ಯಾರಂಟಿಗಳಿಗೆ 51 ಸಾವಿರ ಕೋಟಿ, ಬಸ್ಸಿನಲ್ಲಿ ನಗುತ್ತಾ ಕೂತ ಹೆಂಗಸರು. ಸಾಲದ ಮಾತೇ ಬರಲಿಲ್ಲ.

ಆಮೇಲೆ ಫೋನಿನಲ್ಲಿ ಬಜೆಟ್ ಭಾಷಣದ ಪಿಡಿಎಫ್ ತೆಗೆದೆ. ಅಪ್ಪನಿಗೆ ಅಕ್ಷರ ಸಣ್ಣದಾಯಿತು ಅಂತ ದೊಡ್ಡದು ಮಾಡಿ ಓದಿ ಹೇಳಿದೆ. ಗುತ್ತಿಗೆ ಮೀಸಲಾತಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಪ್ರವರ್ಗ-1, 2ಎ, 2ಬಿ, ಇಷ್ಟೂ ಜನಕ್ಕೆ. ಅದೂ 2 ಕೋಟಿ ರೂಪಾಯಿವರೆಗಿನ ಕಾಮಗಾರಿಗೆ. ಮುಸ್ಲಿಮರು ಬರುವುದು 2ಬಿಯಲ್ಲಿ. ಮೊದಲ ಚಾನೆಲ್ ಸುಳ್ಳು ಹೇಳಿರಲಿಲ್ಲ, ಐದರಲ್ಲಿ ನಾಲ್ಕನ್ನು ಬಿಟ್ಟಿತ್ತು. ಎರಡನೆಯದು ಬಿಟ್ಟಿದ್ದೂ ಸಣ್ಣ ವಿಷಯವಲ್ಲ: ಆ ವರ್ಷಕ್ಕೆ ಸುಮಾರು 1.16 ಲಕ್ಷ ಕೋಟಿ ಸಾಲ, 19,262 ಕೋಟಿ ರಾಜಸ್ವ ಕೊರತೆ, ಅಂದರೆ ಸರ್ಕಾರದ ನಿತ್ಯದ ಖರ್ಚಿಗೆ ಆದಾಯ ಅಷ್ಟು ಸಾಲದು. ಆ ಸಾಲ ತೀರಿಸೋರು ನಾವೇ ಅಲ್ವಾ?

ಇಷ್ಟು ದಿನ ನಾನು ಚಾನೆಲ್‌ಗಳಲ್ಲಿ ಸುಳ್ಳು ಹುಡುಕುತ್ತಿದ್ದೆ. ಹುಡುಕಬೇಕಾದ್ದು ಬಿಟ್ಟುಹೋದದ್ದನ್ನು. ಅದು ಕಣ್ಣಿಗೆ ಬೀಳೋದೇ ಇಲ್ಲ, ಕಷ್ಟ ಇರೋದು ಅಲ್ಲೇ.

ರೇಡಿಯೋದ ಪ್ರದೇಶ ಸಮಾಚಾರವನ್ನೂ ಕೇಳಿದೆವು. ಕಿರುಚಾಟ ಇಲ್ಲ, ಅಂಕಿ ಸರಿಯಾಗಿದ್ದವು. ಬೇಗ ಮುಗಿಯಿತು. ವಾಟ್ಸಾಪ್‌ನಲ್ಲಿ ಬಂದ ತುಣುಕು ವಿಡಿಯೋಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಶನಿವಾರ ಬೆಳಿಗ್ಗೆ ಪೇಪರ್ ಬಂತು. ಮುಖಪುಟದ ತಲೆಬರಹ ಒಂದು ಕಡೆ ವಾಲಿತ್ತು, ಅದನ್ನು ಮುಚ್ಚಿಡಲ್ಲ. ಆದರೆ ಒಳಪುಟದಲ್ಲಿ ರೂಪಾಯಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನೋ ಚಿತ್ರ, ಇಲಾಖೆವಾರು ಹಣ, ಸಾಲ, ಮೀಸಲಾತಿಯ ಪೂರ್ತಿ ವಿವರ, ವಿರೋಧ ಪಕ್ಷದ ಟೀಕೆ ಅವರದೇ ಹೆಸರಿನಲ್ಲಿ. ನನ್ನ ಮಟ್ಟಿಗೆ ಗೆದ್ದದ್ದು ಈ ಒಳಪುಟ. ಬರೆದವರು ಭಾಷಣವನ್ನು ಪೂರ್ತಿ ಓದಿದ್ದರು ಅನ್ನೋದು ಗೊತ್ತಾಗುತ್ತಿತ್ತು. ಇನ್ನು ಮೇಲೆ ಟಿವಿಯಲ್ಲಿ ಸುದ್ದಿ ಆಯ್ತು ಅಂತ ಮಾತ್ರ ತಿಳಿದುಕೊಂಡು, ಏನಾಯ್ತು ಅಂತ ತಿಳಿಯೋಕೆ ಬೆಳಗಿನವರೆಗೂ ಕಾಯುತ್ತೇನೆ.

ಅಪ್ಪ ಪೇಪರನ್ನು ನೆಲದ ಮೇಲೆ ಹರಡಿ, ಪೆನ್ಸಿಲ್ ಹಿಡಿದು 2 ಕೋಟಿ ಅನ್ನೋ ಕಡೆ ಗೀಟು ಹಾಕಿದರು. "ಟಿವಿಯಲ್ಲಿ ಆ ಹುಡುಗ ರಾತ್ರಿ ಅಷ್ಟು ಹೊತ್ತು ಮಾತಾಡಿದನಲ್ಲ, ಇದನ್ನು ಯಾಕೆ ಹೇಳಲಿಲ್ಲ?" ಅಂದರು. ಸಂಜೆ ಊರಿಗೆ ಹೊರಡುವಾಗ ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.