ಇಂಗ್ಲೆಂಡಿನ ಹೆಣ್ಣುಮಕ್ಕಳ ಹೈಸ್ಕೂಲು: ಹೊರಡುವ ಮುಂಚೆ ತಿಳಿದಿರಲಿ

ದಾವಣಗೆರೆಯಿಂದ ಕೆಲಸದ ವೀಸಾದ ಮೇಲೆ ಇಂಗ್ಲೆಂಡಿಗೆ ಹೊರಟವರು ಎಂಸಿಸಿ ಬಿ ಬ್ಲಾಕಿನ ನಮ್ಮ ಮನೆಗೆ ಬಂದು ಮೊದಲು ಕೇಳುವುದೇ, "ಮೇಡಂ, ಅಲ್ಲಿ ಸ್ಕೂಲಿಗೆ ಡೊನೇಷನ್ ಎಷ್ಟು?" ಡೊನೇಷನ್ನೂ ಇಲ್ಲ, ಫೀಸೂ ಇಲ್ಲ. ನನ್ನ ದೊಡ್ಡ ಮೊಮ್ಮಗಳು ಓದುವುದು ಅಲ್ಲಿನ ಒಂದು ಊರಿನ ಸರ್ಕಾರಿ ಕಾಂಪ್ರಹೆನ್ಸಿವ್ ಶಾಲೆಯಲ್ಲಿ, ಹೆಣ್ಣುಮಕ್ಕಳಿಗಷ್ಟೇ ಇರುವಂಥದ್ದು. ಗ್ರಾಮರ್ ಸ್ಕೂಲಿನ ಹಾಗೆ ಪ್ರವೇಶ ಪರೀಕ್ಷೆ ಇಟ್ಟು ಸೋಸುವುದಿಲ್ಲ. ಡ್ರೈವರ್ ಮಗಳಿಗೂ ಡಾಕ್ಟರ್ ಮಗಳಿಗೂ ಒಂದೇ ಬೆಂಚು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು ನೋಡಬೇಕೆಂದಿದ್ದು ಲ್ಯಾಬು. ಚಿಕ್ಕ ಮೊಮ್ಮಗಳನ್ನೂ ಅಲ್ಲಿಗೇ ಸೇರಿಸೋಣವೆಂದು, ಪೋಷಕರಿಗೆ ಶಾಲೆ ತೋರಿಸುವ ಸಂಜೆ ಮಗಳ ಜೊತೆ ಹೋಗಿದ್ದೆ. ಪ್ರತಿ ಮೇಜಿಗೂ ಗ್ಯಾಸ್ ಲೈನು, ಬುನ್ಸೆನ್ ಬರ್ನರು. ಕೂದಲು ಬಿಗಿಯಾಗಿ ಕಟ್ಟಿ ಕನ್ನಡಕ ಹಾಕಿದ್ದ ಹುಡುಗಿಯೊಬ್ಬಳು ಬಿಸಿ ಮಾಡಿದ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಕಪ್ಪನೆಯ ತಾಮ್ರದ ಆಕ್ಸೈಡನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಕುತ್ತಿದ್ದಳು. ಪುಡಿ ಇನ್ನು ಕರಗದೆ ತಳದಲ್ಲಿ ನಿಂತಾಗ ಸೋಸಿದಳು. ಕೆಳಗಿಳಿದದ್ದು ನೀಲಿ ದ್ರಾವಣ. ಪುಡಿ ಯಾಕಮ್ಮಾ ಹೆಚ್ಚಿಗೆ ಹಾಕಿದೆ ಅಂತ ಕೇಳಿದೆ. ಆಮ್ಲ ಒಂದಿಷ್ಟೂ ಉಳಿಯಬಾರದು ಅಂತ ತಟ್ಟನೆ ಹೇಳಿದಳು. ನಮ್ಮ ಎಷ್ಟೋ ಶಾಲೆಗಳಲ್ಲಿ ಇದನ್ನು ಮೇಷ್ಟ್ರು ಮಾಡಿ ತೋರಿಸುತ್ತಾರೆ, ಮಕ್ಕಳು ಚಿತ್ರ ಬಿಡಿಸಿಕೊಳ್ಳುತ್ತಾರೆ. ಪಕ್ಕದ ವರ್ಕ್‌ಶಾಪಿನಲ್ಲಿ ಮರ ಕೊಯ್ಯುತ್ತಿದ್ದವರೂ ಹುಡುಗಿಯರೇ. ಇದು ಗಂಡುಹುಡುಗರ ಕೆಲಸ ಅನ್ನಲು ಅಲ್ಲಿ ಯಾರೂ ಇಲ್ಲ. ಹೆಣ್ಣುಮಕ್ಕಳ ಶಾಲೆ ಇರಬೇಕಾದ್ದು ಹೀಗೆ.

ಮನಸ್ಸಿಗೆ ಒಪ್ಪದ್ದೂ ಒಂದಿದೆ. ಹದಿನಾರರ ವಯಸ್ಸಿಗೆ ಬರೆಯುವ ಪಬ್ಲಿಕ್ ಪರೀಕ್ಷೆ ಜಿಸಿಎಸ್‌ಇಗೆ ಇಂಗ್ಲಿಷ್, ಗಣಿತ, ವಿಜ್ಞಾನ ಕಡ್ಡಾಯ; ಚರಿತ್ರೆ, ಭೂಗೋಳ ಅವರವರ ಆಯ್ಕೆ. ನಮ್ಮ ದೊಡ್ಡವಳು ಚರಿತ್ರೆ ಬಿಟ್ಟೇಬಿಟ್ಟಳು. ಅಷ್ಟು ಸಣ್ಣ ವಯಸ್ಸಿಗೆ ಅದು ತೀರಾ ಬೇಗ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನವನ್ನು ಎಲ್ಲರೂ ಓದಲೇಬೇಕು. ಈ ವಿಷಯದಲ್ಲಿ ನಮ್ಮದೇ ಸರಿ.

ಮಗು ಹನ್ನೊಂದು ತುಂಬಿ ಅಲ್ಲಿನ ಹೈಸ್ಕೂಲಿನ ಮೊದಲ ತರಗತಿಯಾದ ಇಯರ್ ಸೆವೆನ್‌ಗೆ ಸೇರುವುದಾದರೆ ಹಿಂದಿನ ವರ್ಷದ ಅಕ್ಟೋಬರ್ 31ರೊಳಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು. ಯಾವ ಶಾಲೆ ಅಂತ ಮಾರ್ಚ್ 1ರ ಹೊತ್ತಿಗೆ ಗೊತ್ತಾಗುತ್ತದೆ. ಬೇಡಿಕೆ ಇರುವ ಶಾಲೆಗಳಲ್ಲಿ ಎಷ್ಟೋ ಕಡೆ ಮನೆ ಎಷ್ಟು ಹತ್ತಿರ ಎಂಬುದರ ಮೇಲೆ ಸೀಟು. ಹಾಗಾಗಿ ಮನೆ ಬಾಡಿಗೆಗೆ ಹಿಡಿಯುವ ಮುಂಚೆಯೇ ಶಾಲೆಯ ಪ್ರವೇಶ ನಿಯಮ, ಶಾಲೆಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನ ವರದಿ ಎರಡನ್ನೂ ಓದಿಕೊಳ್ಳಿ. ಶಾಲೆಗೆ ಒಂದೇ ಪದದ ಷರಾ ಬರೆಯುವುದನ್ನು 2024ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿದ್ದಾರೆ, ವರದಿಯನ್ನು ಪೂರ್ತಿ ಓದಬೇಕು.